ಝೆಲ್ಡಾ ಯಾವ ಪೆಟ್ಟಿಗೆಗೆ ಬರಬೇಕಿತ್ತು?

ವಿಡಿಯೋ ಗೇಮ್ ಬಗ್ಗೆ ಬರೀತೀನಿ ಅಂದ್ರೆ ನಮ್ಮ ಬ್ಲಾಗಿಗರಲ್ಲಿ ಅರ್ಧ ಜನ ಮೊದಲ ಸಾಲಿಗೇ ಎದ್ದು ಪಕ್ಕದ ಬ್ಲಾಗಿಗೆ ಹೋಗಿಬಿಡ್ತೀರಿ ಅಂತ ಗೊತ್ತು. ಕವಿತೆ, ಲಹರಿ, ಪ್ರವಾಸ, ಸಿನಿಮಾ ಎಲ್ಲ ಇರುವಾಗ ಈ ಮಕ್ಕಳಾಟದ ಮಾತು ಯಾಕೆ ಅಂತ. ಒಂದು ಹತ್ತು ನಿಮಿಷ ಕೂತ್ಕೊಳ್ಳಿ. ಆಟ ಯಾವ ದಿನ ಬರುತ್ತೆ ಅನ್ನೋದನ್ನು ಯಾರು ಗೊತ್ತು ಮಾಡ್ತಾರೆ, ಯಾರ ಲಾಭಕ್ಕೆ ಮಾಡ್ತಾರೆ, ದುಡ್ಡು ಕೊಟ್ಟು ಕಾದವನ ಗತಿ ಏನು - ಇವತ್ತಿನ ವಿಷಯ ಇದು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ, ಆಮೇಲೆ ಜಗಳ ಆಡೋಣ. ಒಂದು ಯಂತ್ರಕ್ಕೆ ಈ ಆಟ ಬರುತ್ತೆ ಅಂತ ತೋರಿಸಿ, ಅದರ ಆಸೆ ಹುಟ್ಟಿಸಿ ಯಂತ್ರವನ್ನು ಮಾರಿದ ಮೇಲೆ, ಆ ಆಟ ಆ ಯಂತ್ರಕ್ಕೇ ಮೊದಲು ಬರಬೇಕು. ಮುಂದಿನ ಯಂತ್ರದ ಉದ್ಘಾಟನೆಗೆ ಬೇಕಾಗುತ್ತೆ ಅಂತ ಅದನ್ನು ಹಿಡಿದಿಟ್ಟುಕೊಳ್ಳಬಾರದು. ಕೇಳೋಕೆ ಎಷ್ಟು ಸಾಮಾನ್ಯ ಮಾತು ಅಲ್ವಾ? ಆದರೆ ಜಗತ್ತಿನ ಅತ್ಯಂತ ಪ್ರೀತಿಪಾತ್ರ ಗೇಮ್ ಕಂಪನಿ ಇದನ್ನು ಎರಡು ಸಲ ಮುರಿದಿದೆ. ಎರಡು ಸಲವೂ ಜನ ಚಪ್ಪಾಳೆ ಹೊಡೆದಿದ್ದಾರೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಟಿವಿಗೆ ಸಿಕ್ಕಿಸಿ ಆಡುವ ಪೆಟ್ಟಿಗೆಗೆ ಕನ್ಸೋಲ್ ಅಂತಾರೆ. ಸೋನಿಯ ಪ್ಲೇಸ್ಟೇಷನ್, ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್, ನಿಂಟೆಂಡೊದ ಸ್ವಿಚ್, ಹೀಗೆ. ಐದಾರು ವರ್ಷಕ್ಕೋ ಏಳೆಂಟು ವರ್ಷಕ್ಕೋ ಹಳೆಯದನ್ನು ಮೂಲೆಗೆ ಸರಿಸಿ ಹೊಸದೊಂದು ಬರುತ್ತೆ. ಪೆಟ್ಟಿಗೆ ಮಾರಿ ಬರೋ ಲಾಭ ಬಹಳ ಕಡಿಮೆ, ಎಷ್ಟೋ ಸಲ ಮೊದಲ ವರ್ಷಗಳಲ್ಲಿ ನಷ್ಟವೇ. ನಿಜವಾದ ಕಾಸು ಬರೋದು ಅದರ ಮೇಲೆ ಮಾರುವ ಆಟಗಳಿಂದ. ಬೇರೆ ಕಂಪನಿಯವರು ಮಾಡಿದ ಪ್ರತಿ ಆಟದಲ್ಲೂ ಪೆಟ್ಟಿಗೆಯ ಒಡೆಯನಿಗೆ ಒಂದು ಪಾಲು. ಹಾಗಾಗಿ ಮೊದಲು ಪೆಟ್ಟಿಗೆ ಮನೆ ಸೇರಬೇಕು, ಅದು ಸೇರಬೇಕಾದರೆ ಮೊದಲ ದಿನವೇ ಅದರಲ್ಲಿ ಆಡೋಕೆ ಏನಾದರೂ ಇರಬೇಕು.

ನಮ್ಮಲ್ಲಿ ದಸರೆಗೆ, ವರಮಹಾಲಕ್ಷ್ಮಿ ಹಬ್ಬಕ್ಕೆ ಸಿನಿಮಾ ಬಿಡುಗಡೆ ಮಾಡ್ತಾರಲ್ಲ, ಅದೇ ಲೆಕ್ಕ ಅಂದುಕೊಳ್ಳಬೇಡಿ. ಹಬ್ಬಕ್ಕೆ ಸಿನಿಮಾ ಬರುವಾಗ ಥಿಯೇಟರು ಆಗಲೇ ಇರುತ್ತೆ, ಸೀಟುಗಳಿರುತ್ತವೆ, ಮುಂದಿನ ವಾರ ಇನ್ನೊಂದು ಸಿನಿಮಾ ಇರುತ್ತೆ. ಇಲ್ಲಿ ಥಿಯೇಟರೇ ಅವತ್ತು ಉದ್ಘಾಟನೆ. ಇದು ತೇರಿನ ಲೆಕ್ಕ. ಎಷ್ಟೇ ಅಲಂಕಾರ ಮಾಡಿ, ಹಗ್ಗ ಕಟ್ಟಿ, ಬಾಳೆಹಣ್ಣು ಎಸೆಯೋ ಜನ ಬಂದು ನಿಂತಿದ್ರೂ ಉತ್ಸವಮೂರ್ತಿ ಬಂದು ಕೂರದೆ ತೇರು ಹೊರಡೋ ಹಾಗಿಲ್ಲ.

1996ರಲ್ಲಿ ನಿಂಟೆಂಡೊ 64 ಅನ್ನೋ ತೇರು ಹೊರಟಿದ್ದು ಹೀಗೆ. 1995ರಲ್ಲೇ ಬರಬೇಕಿದ್ದ ಪೆಟ್ಟಿಗೆಯನ್ನು ಮುಂದಕ್ಕೆ ಹಾಕಿದ್ರು. ಜಪಾನಿನಲ್ಲಿ ಜೂನ್ 23ರಂದು ಬಿಡುಗಡೆಯಾದಾಗ ಅದಕ್ಕಿದ್ದ ಆಟಗಳು ಬರೀ ಮೂರು, ಅದರಲ್ಲಿ ಒಂದು ಜಪಾನೀ ಚದುರಂಗ. ಸೆಪ್ಟೆಂಬರಿನಲ್ಲಿ ಅಮೆರಿಕಕ್ಕೆ ಹೋದಾಗ ಎರಡೇ ಎರಡು. ಆದರೆ ಆ ಎರಡರಲ್ಲಿ ಒಂದು ಸೂಪರ್ ಮಾರಿಯೋ 64. ಮೂರು ಆಯಾಮದ ಜಾಗದಲ್ಲಿ ಒಬ್ಬ ಮನುಷ್ಯ ಹೇಗೆ ಓಡಬೇಕು, ಹಾರಬೇಕು, ಕ್ಯಾಮೆರಾ ಅವನ ಹಿಂದೆ ಹೇಗೆ ತಿರುಗಬೇಕು ಅನ್ನೋದನ್ನು ಉಳಿದವರೆಲ್ಲ ಅದನ್ನು ನೋಡಿ ಕಲಿತರು. ಆಟ ಆಗೋವರೆಗೂ ಪೆಟ್ಟಿಗೆ ಕಾಯಲಿ ಅನ್ನೋ ಧೈರ್ಯ ಇದ್ದಾಗ ಇಂಥದ್ದು ಆಗುತ್ತೆ.

ಇದಕ್ಕೆ ತದ್ವಿರುದ್ಧ ಸೆಗಾ ಕಂಪನಿಯ ಸ್ಯಾಟರ್ನ್. ಅಮೆರಿಕದಲ್ಲಿ 1995ರ ಸೆಪ್ಟೆಂಬರ್ 2ರ ಶನಿವಾರ ಬರುತ್ತೆ ಅಂತ ಹೇಳಿದ್ರು. ಸ್ಯಾಟರ್ನ್ ಅಂದ್ರೆ ಶನಿ, ಬರೋದೂ ಶನಿವಾರ. (ನಮ್ಮೂರಿನ ಯಾವ ಜೋಯಿಸರನ್ನು ಕೇಳಿದ್ರೂ ಬೇಡ ಅಂತಿದ್ರು :) ) ಆಗಿದ್ದೇನು ಅಂದ್ರೆ, ಸೋನಿಯ ಪ್ಲೇಸ್ಟೇಷನ್ನಿಗಿಂತ ಮುಂಚೆ ಅಂಗಡಿ ಸೇರಬೇಕು ಅನ್ನೋ ಆತುರದಲ್ಲಿ, ಮೇ 11ರಂದು ಲಾಸ್ ಏಂಜಲೀಸಿನ ಇ3 ಮೇಳದಲ್ಲಿ ಸೆಗಾದವರು ವೇದಿಕೆ ಹತ್ತಿ, ಪೆಟ್ಟಿಗೆ ಈಗಾಗಲೇ ಅಂಗಡಿಗಳಲ್ಲಿದೆ, 399 ಡಾಲರ್ ಅಂದುಬಿಟ್ರು. ನಾಲ್ಕು ತಿಂಗಳು ಮೊದಲು! ಕೆಲವೇ ಅಂಗಡಿಗಳಿಗೆ ಮಾಲು ಕೊಟ್ಟಿದ್ರಿಂದ ಉಳಿದ ಅಂಗಡಿಯವರಿಗೆ ಉರಿದುಹೋಯ್ತು, ಕೆಬಿ ಟಾಯ್ಸ್ ಅನ್ನೋ ದೊಡ್ಡ ಆಟಿಕೆ ಮಳಿಗೆಯಂತೂ ಸ್ಯಾಟರ್ನನ್ನು ಮಾರೋದೇ ಇಲ್ಲ ಅಂತ ಕೂತಿತು. ಆದರೆ ಹೆಚ್ಚು ಪೆಟ್ಟು ತಿಂದವರು ಆಟ ಮಾಡುವ ಬೇರೆ ಕಂಪನಿಯವರು. ಅವರೆಲ್ಲ ಸೆಪ್ಟೆಂಬರಿಗೆ ಅಂತ ಕೆಲಸ ಮಾಡ್ತಾ ಕೂತಿದ್ರು. ಪೆಟ್ಟಿಗೆ ಮೇನಲ್ಲಿ, ಆಟ ಸೆಪ್ಟೆಂಬರಿನಲ್ಲಿ. ಅವತ್ತು ಸ್ಯಾಟರ್ನಿಗಿದ್ದ ಆಟಗಳು ಆರು. ಅದೇ ಮೇಳದಲ್ಲಿ ಸೋನಿಯ ಸ್ಟೀವ್ ರೇಸ್ ವೇದಿಕೆಗೆ ಬಂದು ಒಂದೇ ಒಂದು ಸಂಖ್ಯೆ ಹೇಳಿ ಇಳಿದರು: 299. ಆ ಕಥೆ ನಿಮಗೆ ಗೊತ್ತಿರಬಹುದು. ಕೊನೆಗೆ ಪ್ಲೇಸ್ಟೇಷನ್ 10 ಕೋಟಿ ದಾಟಿತು, ಸ್ಯಾಟರ್ನ್ ಒಂದು ಕೋಟಿಯನ್ನೂ ಮುಟ್ಟಲಿಲ್ಲ. ಬರೀ ದಿನಾಂಕದಿಂದ ಇಷ್ಟೆಲ್ಲ ಆಯ್ತು ಅನ್ನೋದು ಉತ್ಪ್ರೇಕ್ಷೆ. ಬೆಲೆ ಇತ್ತು, ಒಳಗಿನ ಯಂತ್ರ ಜಟಿಲವಾಗಿತ್ತು. ಆದರೂ ಮೂರ್ತಿ ಇಲ್ಲದೆ ತೇರು ಎಳೆದರೆ ಏನಾಗುತ್ತೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ. ಸೆಗಾದ ಮನೆದೇವರು ಸೋನಿಕ್. ಸ್ಯಾಟರ್ನಿಗಾಗಿ ಮಾಡ್ತಿದ್ದ ಸೋನಿಕ್ ಎಕ್ಸ್‌ಟ್ರೀಮ್ ಅನ್ನೋ ಆಟ ಮುಗಿಯಲೇ ಇಲ್ಲ, ನಿಲ್ಲಿಸಿಬಿಟ್ರು. ಮುಂದೆ ಡ್ರೀಮ್‌ಕಾಸ್ಟ್ ಜಪಾನಿನಲ್ಲಿ ಬಂದಿದ್ದು 1998ರ ನವೆಂಬರ್ 27ಕ್ಕೆ, ಅಲ್ಲೂ ಸೋನಿಕ್ ಬಂದು ಕೂತಿದ್ದು ಡಿಸೆಂಬರ್ 23ಕ್ಕೆ! ಅಮೆರಿಕದಲ್ಲಿ ಮಾತ್ರ ಕಲಿತ ಪಾಠ ನೆನಪಿಟ್ಟುಕೊಂಡು, 1999ರ ಒಂಬತ್ತನೇ ತಿಂಗಳ ಒಂಬತ್ತನೇ ತಾರೀಖು, ಸೋನಿಕ್ ಸೇರಿದಂತೆ 18 ಆಟಗಳ ಜೊತೆ ಪೆಟ್ಟಿಗೆ ಬಿಟ್ಟರು.

ಮೊದಲ ದಿನದ ಆಟಗಳ ಬಗ್ಗೆ ಇನ್ನೊಂದು ವಿಷಯ ಜನಕ್ಕೆ ಅಷ್ಟಾಗಿ ಗೊತ್ತಿರಲ್ಲ. ಅವು ನಿಜಕ್ಕೂ ಕೂಸು ಹುಟ್ಟೋ ಮುಂಚೆ ಹೊಲಿದ ಕುಲಾವಿಗಳು. ಪೆಟ್ಟಿಗೆಯ ಒಳಗಿನ ಯಂತ್ರ ಇನ್ನೂ ಪೂರ್ತಿ ಸಿದ್ಧವಾಗಿರೋದೇ ಇಲ್ಲ, ಆಟ ಮಾಡೋರು ಅಂದಾಜಿನ ಮೇಲೆ ಕೆಲಸ ಶುರು ಮಾಡಿರ್ತಾರೆ. ಎಕ್ಸ್‌ಬಾಕ್ಸ್ 360ಕ್ಕೆ ಮೊದಮೊದಲು ಆಟ ತಯಾರಿಸಲು ಮೈಕ್ರೋಸಾಫ್ಟ್ ಹಂಚಿದ್ದು ಯಾವ ಯಂತ್ರ ಗೊತ್ತಾ? ಆಪಲ್ ಕಂಪನಿಯ ಪವರ್ ಮ್ಯಾಕ್ ಜಿ5! ಎರಡರಲ್ಲೂ ಪವರ್‌ಪಿಸಿ ಜಾತಿಯ ಪ್ರೊಸೆಸರ್ ಇದ್ದಿದ್ರಿಂದ ಹಾಗೆ. ಬಿಲ್ ಗೇಟ್ಸ್ ಅವರ ಪೆಟ್ಟಿಗೆಯ ಆಟ ಸ್ಟೀವ್ ಜಾಬ್ಸ್ ಅವರ ಕಂಪ್ಯೂಟರಿನ ಮೇಲೆ ಓಡ್ತಿತ್ತು. ಅಂಥ ಅಂದಾಜಿನ ಆಟ ಪೆಟ್ಟಿಗೆಯ ನಿಜವಾದ ಶಕ್ತಿ ತೋರಿಸೋದು ಕಷ್ಟ. 360ರ ಕಸುವು ಏನು ಅಂತ ಜನ ಬೆರಗಾಗಿ ನೋಡಿದ್ದು ಒಂದು ವರ್ಷದ ನಂತರ, 2006ರ ನವೆಂಬರಿನಲ್ಲಿ, ಗೇರ್ಸ್ ಆಫ್ ವಾರ್ ಬಂದಾಗ.

360ರ ಮೊದಲ ದಿನದ ಆಟಗಳಲ್ಲಿ ಕಮಿಯೋ ಅಂತ ಒಂದಿತ್ತು. ಪಾಪ, ಅದರ ಪಾಡು ಕೇಳಿ. 2001ರಲ್ಲಿ ಅದನ್ನು ತೋರಿಸಿದ್ದು ನಿಂಟೆಂಡೊದ ಗೇಮ್‌ಕ್ಯೂಬಿಗೆ ಅಂತ. 2002ರಲ್ಲಿ ಅದನ್ನು ಮಾಡ್ತಿದ್ದ ರೇರ್ ಕಂಪನಿಯನ್ನೇ ಮೈಕ್ರೋಸಾಫ್ಟ್ 37.5 ಕೋಟಿ ಡಾಲರಿಗೆ ಕೊಂಡಿತು, ಆಟ ಮೊದಲ ಎಕ್ಸ್‌ಬಾಕ್ಸಿಗೆ ಹೋಯ್ತು. ಅಲ್ಲೂ ಬರಲಿಲ್ಲ. ಕೊನೆಗೆ 2005ರ ನವೆಂಬರಿನಲ್ಲಿ 360ರ ಜೊತೆ ಬಂತು. ಮೂರು ಮನೆ ಸುತ್ತಿ ಬಂದ ಹುಡುಗಿ. ಆಟ ಚೆನ್ನಾಗಿಯೇ ಇತ್ತು, ಆದರೆ ನಾಲ್ಕು ವರ್ಷದ ಹಿಂದೆ ಗೇಮ್‌ಕ್ಯೂಬಿನಲ್ಲಿ ನೋಡಿ ಆಸೆಪಟ್ಟವನಿಗೆ ಏನು ಸಿಕ್ಕಿತು?

ಇನ್ನು ಝೆಲ್ಡಾಗೆ ಬರೋಣ. ನನ್ನ ಕೋಪ ಇರೋದು ಇಲ್ಲೇ.

2004ರ ಇ3 ಮೇಳದಲ್ಲಿ ನಿಂಟೆಂಡೊ ಹೊಸ ಝೆಲ್ಡಾ ಆಟದ ತುಣುಕು ತೋರಿಸಿತು. ಆ ವಿಡಿಯೋ ಈಗಲೂ ಹುಡುಕಿದ್ರೆ ಸಿಗುತ್ತೆ, ನೋಡಿ, ದೊಡ್ಡ ದೊಡ್ಡ ಗಂಡಸರು ಎದ್ದು ಕಿರುಚ್ತಾರೆ. ಅದಕ್ಕಿಂತ ಹಿಂದಿನ ಝೆಲ್ಡಾ ಕಾರ್ಟೂನಿನ ಥರ ಇತ್ತು ಅಂತ ಮುನಿಸಿಕೊಂಡಿದ್ದವರಿಗೆಲ್ಲ ಇದು ಹಬ್ಬ. ಹೆಸರು ಟ್ವೈಲೈಟ್ ಪ್ರಿನ್ಸೆಸ್. ಪೆಟ್ಟಿಗೆ ಗೇಮ್‌ಕ್ಯೂಬ್. ಬರೋದು 2005ರ ಕೊನೆಗೆ. ಗೇಮ್‌ಕ್ಯೂಬ್ ಆಗ ಮಾರಾಟದಲ್ಲಿ ಸೊರಗಿತ್ತು, ಅದನ್ನು ಕೊಂಡು ನಿಷ್ಠೆಯಿಂದ ಇಟ್ಟುಕೊಂಡಿದ್ದವರು ಈ ಒಂದು ಆಟಕ್ಕಾಗಿ ಕಾದರು. 2005ರ ಆಗಸ್ಟಿನಲ್ಲಿ ಸುದ್ದಿ ಬಂತು: ಆಟ ಇನ್ನಷ್ಟು ಚೆನ್ನಾಗಿ ಆಗಬೇಕು, 2006ಕ್ಕೆ ಹೋಗಿದೆ. ಸರಿ, ಕಾದರು. 2006ರ ಮೇನಲ್ಲಿ ನೋಡಿದ್ರೆ ಅದೇ ಆಟ ಹೊಸ ಪೆಟ್ಟಿಗೆ ವೀ ಮೇಲೆ ಓಡ್ತಿದೆ! ನವೆಂಬರ್ 19ರಂದು ಅಮೆರಿಕದಲ್ಲಿ ವೀ ಬಂತು, ಜೊತೆಗೆ ಟ್ವೈಲೈಟ್ ಪ್ರಿನ್ಸೆಸ್. ಗೇಮ್‌ಕ್ಯೂಬಿನ ಪ್ರತಿ ಬಂದಿದ್ದು ಡಿಸೆಂಬರ್ 11ಕ್ಕೆ. ಮೊದಲು ಪಂಕ್ತಿಯಲ್ಲಿ ಕೂತವನಿಗೆ ಕೊನೆಗೆ ಬಡಿಸಿದ ಹಾಗೆ.

ಇದರಲ್ಲಿ ಒಂದು ತಮಾಷೆಯೂ ಇದೆ. ಝೆಲ್ಡಾ ಆಟದ ನಾಯಕ ಲಿಂಕ್ ಎಡಗೈಯವನು. ವೀ ಪೆಟ್ಟಿಗೆಯಲ್ಲಿ ಕೈಯಲ್ಲಿ ಹಿಡಿದ ರಿಮೋಟನ್ನು ಬೀಸಿದ್ರೆ ಕತ್ತಿ ಬೀಸುತ್ತೆ. ಹೆಚ್ಚಿನ ಜನ ಬಲಗೈಯವರು. ಲಿಂಕನ ಕೈ ಒಂದನ್ನೇ ಬದಲಾಯಿಸೋದು ಕಷ್ಟ ಅಂತ ಇಡೀ ಪ್ರಪಂಚವನ್ನೇ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿಬಿಟ್ರು! ಗೇಮ್‌ಕ್ಯೂಬಿನಲ್ಲಿ ಪೂರ್ವಕ್ಕಿದ್ದ ಊರು ವೀನಲ್ಲಿ ಪಶ್ಚಿಮಕ್ಕೆ. ಒಂದು ಪೆಟ್ಟಿಗೆಯ ಉದ್ಘಾಟನೆಗಾಗಿ ಸೂರ್ಯ ಹುಟ್ಟೋ ದಿಕ್ಕೇ ಬದಲಾಯ್ತು ನೋಡಿ. ಆಟವನ್ನು ಮೂಲತಃ ಯಾರಿಗಾಗಿ ಮಾಡಿದ್ದು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಎರಡನೇ ಸಲ ಇನ್ನೂ ಜೋರಾಗಿ. ವೀ ಯು ಅನ್ನೋ ಪೆಟ್ಟಿಗೆ 2012ರ ನವೆಂಬರಿನಲ್ಲಿ ಬಂತು. ಟಿವಿಯ ಜೊತೆಗೆ ಕೈಯಲ್ಲಿ ಹಿಡಿಯೋ ಎರಡನೇ ಪರದೆ ಅದರ ವಿಶೇಷ. ಎರಡೇ ತಿಂಗಳಿಗೆ, 2013ರ ಜನವರಿಯಲ್ಲಿ, ವೀ ಯುಗೆ ಹೊಸ ಝೆಲ್ಡಾ ಮಾಡ್ತಿದ್ದೀವಿ ಅಂದ್ರು. 2014ರಲ್ಲಿ ತೋರಿಸಿ 2015ಕ್ಕೆ ಬರುತ್ತೆ ಅಂದ್ರು. ಆ ವರ್ಷದ ಡಿಸೆಂಬರಿನಲ್ಲಿ ಮಿಯಾಮೊಟೊ ಮತ್ತು ಅಒನುಮಾ ಇಬ್ಬರೂ ಕೂತು ಆಟ ಆಡಿ ತೋರಿಸಿದ್ರು. ಕೈಯಲ್ಲಿದ್ದ ಪರದೆಯಲ್ಲಿ ನಕ್ಷೆ ಕಾಣ್ತಿತ್ತು, ಅಲ್ಲೇ ಗುರುತು ಹಾಕಬಹುದಿತ್ತು. 2015 ಬಂತು, ಆಟ 2016ಕ್ಕೆ ಹೋಯ್ತು. 2016 ಬಂತು, 2017ಕ್ಕೆ ಹೋಯ್ತು. ಈ ಸಲ ಹೇಳಿಕೆಯ ಜೊತೆಗೇ ಇನ್ನೊಂದು ಮಾತು: 2017ರ ಮಾರ್ಚಿನಲ್ಲಿ ನಮ್ಮ ಹೊಸ ಪೆಟ್ಟಿಗೆ ಬರುತ್ತೆ, ಝೆಲ್ಡಾ ಅದಕ್ಕೂ ಬರುತ್ತೆ. 2017ರ ಮಾರ್ಚ್ 3ರಂದು ಸ್ವಿಚ್ ಬಂತು, ಬ್ರೆತ್ ಆಫ್ ದಿ ವೈಲ್ಡ್ ಬಂತು. ವೀ ಯುಗೂ ಅದೇ ದಿನ ಬಂತು, ನ್ಯಾಯವಾಗಿ ಹೇಳ್ಬೇಕು. ಆದರೆ ಆ ಎರಡನೇ ಪರದೆಯ ನಕ್ಷೆ ಇರಲಿಲ್ಲ. ಆಟಗಾರ ಎರಡು ಕಡೆ ನೋಡ್ತಾ ಇದ್ರೆ ಗಮನ ಚೆದುರುತ್ತೆ ಅಂತ ತೆಗೆದುಹಾಕಿದ್ದರು. ಜನ ಯಾವ ವಿಶೇಷಕ್ಕಾಗಿ ವೀ ಯು ಕೊಂಡಿದ್ದರೋ, ಆ ವಿಶೇಷದಿಂದ ಗಮನ ಚೆದುರುತ್ತೆ ಅಂತ ಗೊತ್ತಾಗೋಕೆ ನಾಲ್ಕು ವರ್ಷ ಬೇಕಾಯ್ತು! ನಾನು ಹೀಗೆ ನೋಡ್ತೀನಿ: ಎರಡನೇ ಪರದೆಯೇ ಇಲ್ಲದ ಸ್ವಿಚ್ಚಿನ ಪಕ್ಕದಲ್ಲಿ, ಅದೇ ದಿನ, ಹಳೆ ಪೆಟ್ಟಿಗೆಯ ಪ್ರತಿ ಹೆಚ್ಚು ಅನುಕೂಲವಾಗಿ ಕಂಡಿದ್ರೆ ಹೊಸ ತೇರು ಯಾರು ಎಳೀತಿದ್ರು?

ಅಮೆರಿಕದಲ್ಲಿ ಆ ಮಾರ್ಚ್ ತಿಂಗಳಲ್ಲಿ ಮಾರಾಟವಾದ ಸ್ವಿಚ್ ಪೆಟ್ಟಿಗೆಗಳು 9 ಲಕ್ಷ 6 ಸಾವಿರಕ್ಕೂ ಹೆಚ್ಚು. ಸ್ವಿಚ್ಚಿನ ಝೆಲ್ಡಾ ಪ್ರತಿಗಳು 9 ಲಕ್ಷ 25 ಸಾವಿರಕ್ಕೂ ಹೆಚ್ಚು. ಹೌದು, ಪೆಟ್ಟಿಗೆಗಿಂತ ಆಟವೇ ಜಾಸ್ತಿ! ಪೆಟ್ಟಿಗೆ ಸಿಗೋ ಮೊದಲೇ ಆಟ ಕೊಂಡಿಟ್ಟುಕೊಂಡವರು, ಆಡೋಕೊಂದು ಕಪಾಟಿನಲ್ಲಿಡೋಕೊಂದು ಅಂತ ಎರಡು ಕೊಂಡವರು ಎಲ್ಲ ಇದ್ರು. ಆ ತಿಂಗಳು ವೀ ಯು ಪ್ರತಿಗಳೂ ಸುಮಾರು 4 ಲಕ್ಷ 60 ಸಾವಿರ ಹೋದವು. ಸತ್ತುಹೋಗಿದೆ ಅಂತ ಎಲ್ಲರೂ ಷರಾ ಬರೆದಿದ್ದ ಪೆಟ್ಟಿಗೆಯ ಮುಂದೆ ಅಷ್ಟು ಜನ ಇನ್ನೂ ಕಾಯ್ತಾ ಕೂತಿದ್ರು.

ಇಲ್ಲಿ ನನ್ನ ಜೊತೆ ಜಗಳ ಆಡೋರು ಎರಡು ಮಾತು ಹೇಳ್ತಾರೆ. ಒಂದು, ತಡವಾಗಿದ್ದಕ್ಕೇ ಆಟ ಅಷ್ಟು ಚೆನ್ನಾಗಾಯ್ತು. ಒಪ್ತೀನಿ. ಬ್ರೆತ್ ಆಫ್ ದಿ ವೈಲ್ಡ್ ನಾನು ಆಡಿದ ಅತ್ಯುತ್ತಮ ಆಟಗಳಲ್ಲೊಂದು, ಅದರ ಬೆಟ್ಟ ಹತ್ತುವ ಸುಖ ಬರೆದು ಹೇಳೋಕಾಗಲ್ಲ. ಮಳೆ ಬಂದ್ರೆ ಬಂಡೆ ಜಾರುತ್ತೆ, ಬಿಸಿಲು ಬರೋವರೆಗೂ ಬೆಂಕಿ ಹಾಕಿಕೊಂಡು ಕೂರಬೇಕು. ಮಲೆನಾಡಿನವರಿಗೆ ತಕ್ಷಣ ಅರ್ಥವಾಗುತ್ತೆ. ಚೆನ್ನಾಗಿ ಮಾಡೋಕೆ ಟೈಮ್ ಬೇಕು ಅಂತ ಕೇಳಿದ್ರೆ ಯಾರೂ ಬೇಡ ಅನ್ನಲ್ಲ. ಆದರೆ ಆಟ ಪಕ್ವವಾಗೋದು ಮತ್ತು ಹೊಸ ಪೆಟ್ಟಿಗೆ ಬರೋದು, ಎರಡೂ ಸರಿಯಾಗಿ ಅದೇ ದಿನವೇ ಆಗಬೇಕು ಅಂದ್ರೆ, ಅದೂ ಎರಡೆರಡು ಸಲ ಹಾಗೆ ಆಗುತ್ತೆ ಅಂದ್ರೆ, ಅದನ್ನು ಕಾಕತಾಳೀಯ ಅಂತ ನಂಬೋಕೆ ನನ್ನಿಂದಾಗಲ್ಲ.

ಎರಡನೇ ಮಾತು ವ್ಯಾಪಾರದ್ದು. ಗೇಮ್‌ಕ್ಯೂಬ್ ಒಟ್ಟು ಮಾರಿದ್ದು 2 ಕೋಟಿ 17 ಲಕ್ಷ, ವೀ 10 ಕೋಟಿ ದಾಟಿತು. ವೀ ಯು 1 ಕೋಟಿ 35 ಲಕ್ಷ, ಸ್ವಿಚ್ 15 ಕೋಟಿ ದಾಟಿದೆ. ಮುಳುಗೋ ದೋಣಿಯಲ್ಲಿ ಬಂಗಾರ ಯಾರಿಡ್ತಾರೆ ಸ್ವಾಮಿ ಅಂತಾರೆ. ಲೆಕ್ಕದ ಪುಸ್ತಕದಲ್ಲಿ ಇದು ಸರಿಯೇ. ನನ್ನ ಉತ್ತರ: ಆ ದೋಣಿಯ ಟಿಕೆಟ್ ಮಾರುವಾಗ ಬಂಗಾರ ಇದೆ ಅಂತ ಕೂಗಿದ್ದು ಯಾರು? ಮಾರಾಟ ಸೋತ ಪೆಟ್ಟಿಗೆಯನ್ನು ಕೊಂಡವರೇ ಕಂಪನಿಗೆ ಕಷ್ಟಕಾಲದಲ್ಲಿ ದುಡ್ಡು ಕೊಟ್ಟವರು. ಗೆದ್ದ ಪೆಟ್ಟಿಗೆಯನ್ನು ಊರೆಲ್ಲ ಕೊಳ್ಳುತ್ತೆ, ಅದರಲ್ಲೇನು ದೊಡ್ಡಸ್ತಿಕೆ.

ಹಾಗಂತ ಹಿಡಿದಿಡದೆ ಆತುರದಲ್ಲಿ ಬಿಟ್ರೂ ಅನಾಹುತವೇ. ಪೋಲೆಂಡಿನ ಸಿಡಿ ಪ್ರಾಜೆಕ್ಟ್ ಕಂಪನಿ ಸೈಬರ್‌ಪಂಕ್ 2077 ಆಟವನ್ನು ಘೋಷಿಸಿದ್ದು 2012ರಲ್ಲಿ. ಆಗ ಪ್ಲೇಸ್ಟೇಷನ್ 4 ಕೂಡ ಬಂದಿರಲಿಲ್ಲ! ಆಟ ಎಷ್ಟು ತಡವಾಯ್ತು ಅಂದ್ರೆ 4 ಬಂದು, ಹಳತಾಗಿ, 5 ಬಂದುಬಿಟ್ಟಿತು. 2020ರ ಏಪ್ರಿಲ್, ಅಲ್ಲಿಂದ ಸೆಪ್ಟೆಂಬರ್, ಅಲ್ಲಿಂದ ನವೆಂಬರ್ 19, ಕೊನೆಗೆ ಡಿಸೆಂಬರ್ 10. ಹಳೆ ಪೆಟ್ಟಿಗೆ, ಹೊಸ ಪೆಟ್ಟಿಗೆ, ಕಂಪ್ಯೂಟರ್ ಎಲ್ಲ ಸೇರಿ ಒಂಬತ್ತು ಆವೃತ್ತಿಗಳನ್ನು ಒಟ್ಟಿಗೆ ಸಿದ್ಧ ಮಾಡಬೇಕಿದೆ ಅಂತ ಕಾರಣ ಕೊಟ್ರು. ಕೆಲಸಗಾರರನ್ನು ವಾರಕ್ಕೆ ಆರು ದಿನ ದುಡಿಸಿದ್ರು. ಅಂತೂ ಬಂದಾಗ ಪ್ಲೇಸ್ಟೇಷನ್ 4ರಲ್ಲಿ ಆಟ ತೆವಳ್ತಿತ್ತು, ಕುಸಿದು ಬೀಳ್ತಿತ್ತು. ಒಂದು ವಾರ ಕಳೆಯೋದ್ರೊಳಗೆ ಸೋನಿ ತನ್ನ ಆನ್‌ಲೈನ್ ಅಂಗಡಿಯಿಂದ ಅದನ್ನು ತೆಗೆದುಹಾಕಿ ದುಡ್ಡು ವಾಪಸ್ ಕೊಡ್ತೀವಿ ಅಂತು. ಮತ್ತೆ ಅಂಗಡಿಗೆ ಬಂದಿದ್ದು 2021ರ ಜೂನಿನಲ್ಲಿ. ಹೊಸ ಪೆಟ್ಟಿಗೆಗಳಿಗೆ ಅಂತಲೇ ಮಾಡಿದ ಆವೃತ್ತಿ ಬಂದಿದ್ದು 2022ರ ಫೆಬ್ರವರಿಯಲ್ಲಿ. 2023ರಲ್ಲಿ ಆಟದ ಮುಂದುವರಿದ ಭಾಗ ಬಂತು, ಬಹಳ ಚೆನ್ನಾಗಿದೆ, ಆದರೆ ಪ್ಲೇಸ್ಟೇಷನ್ 4ಕ್ಕೆ ಬರಲೇ ಇಲ್ಲ. ಎಂಟು ವರ್ಷ ಕಾದು ಮೊದಲ ದಿನ ಕೊಂಡವನಿಗೆ ಸಿಕ್ಕಿದ್ದು ಅರ್ಧ ಬೆಂದ ಅನ್ನ ಮಾತ್ರ. ನನ್ನ ಪ್ರಕಾರ ಇವರು ಮಾಡಬೇಕಿದ್ದ ಕೆಲಸ ಒಂದೇ. ಹಳೆ ಪೆಟ್ಟಿಗೆಯಲ್ಲಿ ಇದು ಓಡಲ್ಲ ಅಂತ ಮೊದಲೇ ಹೇಳಿ, ಮುಂಗಡ ಕೊಟ್ಟವರಿಗೆ ದುಡ್ಡು ಹಿಂದಿರುಗಿಸೋದು. ಆದರೆ 2020ರ ಡಿಸೆಂಬರಿನಲ್ಲಿ ಹೊಸ ಪೆಟ್ಟಿಗೆಗಳಿಗೆ ಒಂದು ತಿಂಗಳ ಪ್ರಾಯ, ಹಳೆ ಪ್ಲೇಸ್ಟೇಷನ್ 4 ಆಗಲೇ 11 ಕೋಟಿ ಮನೆಗಳಲ್ಲಿತ್ತು. ಅಷ್ಟು ದೊಡ್ಡ ಸಂತೆಯನ್ನು ಬಿಟ್ಟು ಬರೋಕೆ ಯಾರಿಗೆ ಮನಸ್ಸಾಗುತ್ತೆ?

ಹೋಲಿಸಿ ನೋಡಿದ್ರೆ ಮೈಕ್ರೋಸಾಫ್ಟ್ ಅದೇ ವರ್ಷ ಮಾಡಿದ್ದು ನನಗೆ ಮೆಚ್ಚುಗೆಯಾಯ್ತು. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಜೊತೆ ಬರಬೇಕಿದ್ದ ಹೇಲೋ ಇನ್ಫಿನಿಟ್ ಆಟವನ್ನು ಜುಲೈನಲ್ಲಿ ತೋರಿಸಿದಾಗ ಜನ ನಕ್ಕುಬಿಟ್ರು. ಅದರಲ್ಲಿದ್ದ ಒಂದು ಶತ್ರುವಿನ ಪೆದ್ದು ಮುಖಕ್ಕೆ ಕ್ರೇಗ್ ಅಂತ ಹೆಸರಿಟ್ಟು ಇಂಟರ್ನೆಟ್ಟಿಗೆ ಇಂಟರ್ನೆಟ್ಟೇ ಆಡಿಕೊಂಡಿತು. ಆಗಸ್ಟಿನಲ್ಲಿ, ಪೆಟ್ಟಿಗೆ ಬರೋಕೆ ಮೂರೇ ತಿಂಗಳಿರುವಾಗ, ಆಟ ಮುಂದಿನ ವರ್ಷಕ್ಕೆ ಅಂತ ಹೇಳಿದ್ರು. ತೇರು ಮೂರ್ತಿ ಇಲ್ಲದೆ ಹೊರಟಿತು, ಆಟ 2021ರ ಡಿಸೆಂಬರಿನಲ್ಲಿ ಬಂತು. ಹಳೆ ಎಕ್ಸ್‌ಬಾಕ್ಸಿಗೂ ಬಂತು. ಹೇಲೋ ಹಿಂದೆಯೂ ಹೀಗೆ ದಿನಾಂಕ ತಪ್ಪಿಸಿದೆ. 2005ರಲ್ಲಿ ಬಿಲ್ ಗೇಟ್ಸ್ ಟೈಮ್ ಪತ್ರಿಕೆಯವರ ಹತ್ತಿರ, ಸೋನಿಯ ಹೊಸ ಪ್ಲೇಸ್ಟೇಷನ್ ಬರೋ ದಿನ ಎದುರಿಗೆ ನಮ್ಮ ಹೇಲೋ 3 ನಿಂತಿರುತ್ತೆ ಅನ್ನೋ ಅರ್ಥದಲ್ಲಿ ಮಾತಾಡಿದ್ರು. ಪ್ಲೇಸ್ಟೇಷನ್ 3 ಬಂದಿದ್ದು 2006ರ ನವೆಂಬರಿಗೆ, ಹೇಲೋ 3 ಬಂದಿದ್ದು 2007ರ ಸೆಪ್ಟೆಂಬರಿಗೆ. ಪ್ರಪಂಚದ ಅತಿ ಶ್ರೀಮಂತನ ಮಾತಿಗೂ ಆಟ ಬಗ್ಗಲಿಲ್ಲ ಅನ್ನೋದು ನನಗೆ ಒಂಥರಾ ಖುಷಿ.

ಹಾಗಾದ್ರೆ ಮಾದರಿ ಯಾರು? ಹಳೆ ಪೆಟ್ಟಿಗೆಯ ಸಂಜೆಯಲ್ಲಿ ಬಂದ ಆಟಗಳನ್ನು ನೋಡಿ. 1994ರ ನವೆಂಬರಿನಲ್ಲಿ ಜಪಾನಿನಲ್ಲಿ ಸ್ಯಾಟರ್ನ್ ಬಂತು, ಮರುತಿಂಗಳು ಪ್ಲೇಸ್ಟೇಷನ್. ಅದೇ ನವೆಂಬರಿನಲ್ಲಿ ನಿಂಟೆಂಡೊದ ಹಳೆಯ ಸೂಪರ್ ಪೆಟ್ಟಿಗೆಗೆ ಡಾಂಕಿ ಕಾಂಗ್ ಕಂಟ್ರಿ ಬಂದು 90 ಲಕ್ಷಕ್ಕೂ ಹೆಚ್ಚು ಮಾರಾಟವಾಯ್ತು. ಹೊಸ ಯಂತ್ರಗಳ ಅಬ್ಬರದ ನಡುವೆ ಹಳೆಯದು ಎದ್ದು ನಿಂತು ನಾನಿನ್ನೂ ಇದ್ದೀನಿ ಅಂದ ಹಾಗೆ. 2007ರ ಮಾರ್ಚಿನಲ್ಲಿ, ಪ್ಲೇಸ್ಟೇಷನ್ 3 ಬಂದು ನಾಲ್ಕು ತಿಂಗಳಾದ ಮೇಲೆ, ಗಾಡ್ ಆಫ್ ವಾರ್ 2 ಬಂದಿದ್ದು ಪ್ಲೇಸ್ಟೇಷನ್ 2ಕ್ಕೆ. ಸೋನಿಗೆ ಆಗ ಹೊಸ ಪೆಟ್ಟಿಗೆಗೆ ಒಂದು ದೊಡ್ಡ ಆಟ ತೀರಾ ಬೇಕಾಗಿತ್ತು. ಬೇಕಿದ್ರೆ ಹಿಡಿದಿಡಬಹುದಿತ್ತು, ಹಿಡಿಯಲಿಲ್ಲ. 2013ರ ಜೂನಿನಲ್ಲಿ, ಪ್ಲೇಸ್ಟೇಷನ್ 4ಕ್ಕೆ ಐದು ತಿಂಗಳು ಮುಂಚೆ, ದಿ ಲಾಸ್ಟ್ ಆಫ್ ಅಸ್ ಬಂದಿದ್ದು ಪ್ಲೇಸ್ಟೇಷನ್ 3ಕ್ಕೆ. ಮರುವರ್ಷ ಅದನ್ನೇ ತಿದ್ದಿ ತೀಡಿ 4ಕ್ಕೂ ತಂದು ಮಾರಿದ್ರು, ಅದೂ ಹೋಯ್ತು. ಹಳಬರಿಗೆ ಮೊದಲು, ಹೊಸಬರಿಗೆ ಆಮೇಲೆ. ಯಾರಿಗೂ ನಷ್ಟವಾಗಲಿಲ್ಲ. ಈ ಆಟಗಳು ಅಷ್ಟು ಚೆನ್ನಾಗಿರೋಕೆ ಕಾರಣವೂ ಇದೆ. ಆರೇಳು ವರ್ಷ ಒಂದೇ ಪೆಟ್ಟಿಗೆಯ ಜೊತೆ ಏಗಿದ ಮೇಲೆ ಅದರ ಸಂದುಗೊಂದೆಲ್ಲ ಆಟ ಮಾಡೋರಿಗೆ ಬಾಯಿಪಾಠ ಆಗಿರುತ್ತೆ.

ನಮ್ಮ ದೇಶದ ಮಟ್ಟಿಗೆ ಈ ಸಂಜೆ ಇನ್ನೂ ಉದ್ದ. ಪ್ಲೇಸ್ಟೇಷನ್ 3 ಇಲ್ಲಿಗೆ ಬಂದಿದ್ದು 2007ರ ಏಪ್ರಿಲಿನಲ್ಲಿ, 39,990 ರೂಪಾಯಿಗೆ. ಆಗಿನ ಸಂಬಳದಲ್ಲಿ ಅದನ್ನು ಕೊಂಡವರು ಎಷ್ಟು ಜನ ಹೇಳಿ. ಹಾಗಾಗಿ ಹೈದರಾಬಾದಿನ ಅರೋನಾ ಟೆಕ್ನಾಲಜೀಸ್ ಮಾಡಿದ ಹನುಮಾನ್ ಆಟ 2009ರಲ್ಲಿ ಬಂದಿದ್ದು, ಒಂಬತ್ತು ವರ್ಷ ಹಳೆಯದಾದ ಪ್ಲೇಸ್ಟೇಷನ್ 2ಕ್ಕೆ. ಜನರ ಮನೆಯಲ್ಲಿ ಯಾವ ಪೆಟ್ಟಿಗೆ ಇದೆಯೋ ಅದಕ್ಕೆ ಆಟ. ಪ್ಲೇಸ್ಟೇಷನ್ 4 ಇಲ್ಲಿ ಬಂದಿದ್ದು 2014ರ ಜನವರಿಗೆ. 5 ಬಂದಿದ್ದು 2021ರ ಫೆಬ್ರವರಿ 2ಕ್ಕೆ, ಅಮೆರಿಕದಲ್ಲಿ ಬಂದು ಎರಡೂವರೆ ತಿಂಗಳಿಗೂ ಹೆಚ್ಚಾದ ಮೇಲೆ. ಅವರ ಮೊದಲ ದಿನದ ಗಲಾಟೆ ಎಲ್ಲ ಮುಗಿದು ಯಾವ ಆಟ ಗಟ್ಟಿ, ಯಾವುದು ಟೊಳ್ಳು ಅಂತ ಗೊತ್ತಾದ ಮೇಲೆ ನಮ್ಮ ಸರದಿ. ತಡವಾಗಿ ಬರೋದು ಅನ್ಯಾಯ ಅಂತ ಬೈಯೋರಿದ್ದಾರೆ, ನನಗೇನೋ ಅದು ಪುಕ್ಕಟೆ ಸಲಹೆ ಸಿಕ್ಕ ಹಾಗೆ.

ಅಕ್ಕನ ಮಗ ಕಾಲೇಜಿನಲ್ಲಿದ್ದಾನೆ. "ಮಾಮ, ಜಿಟಿಎ 6ಕ್ಕೆ ಅಂತ ಈಗ ಪೆಟ್ಟಿಗೆ ತಗೊಳ್ಳಲಾ, ಇನ್ನೂ ಹೊಸದು ಬರೋವರೆಗೂ ಕಾಯಲಾ" ಅಂತ ಕೇಳ್ತಾನೆ. ಅವನಿಗೆ ಜಿಟಿಎ 5ರ ಜಾತಕ ಓದಿ ಹೇಳಿದೆ. 2013ರ ಸೆಪ್ಟೆಂಬರ್ 17ಕ್ಕೆ ಬಂತು, ಆಗ ಇದ್ದಿದ್ದು ಪ್ಲೇಸ್ಟೇಷನ್ 3 ಮತ್ತು ಎಕ್ಸ್‌ಬಾಕ್ಸ್ 360. ಎರಡೇ ತಿಂಗಳಲ್ಲಿ ಹೊಸ ಪೆಟ್ಟಿಗೆಗಳು ಬರೋದಿದ್ವು. ರಾಕ್‌ಸ್ಟಾರ್ ಕಾಯಲಿಲ್ಲ. ಜನರ ಮನೆಯಲ್ಲಿ ಆಗಲೇ ಇದ್ದ ಕೋಟಿಗಟ್ಟಲೆ ಪೆಟ್ಟಿಗೆಗಳಿಗೆ ಬಿಟ್ಟು ಮೂರು ದಿನಕ್ಕೆ ನೂರು ಕೋಟಿ ಡಾಲರ್ ಎಣಿಸಿತು. 2014ರ ನವೆಂಬರಿನಲ್ಲಿ ಹೊಸ ಪೆಟ್ಟಿಗೆಗಳಿಗೆ ಅದೇ ಆಟ. 2022ರ ಮಾರ್ಚಿನಲ್ಲಿ ಅವಕ್ಕಿಂತ ಹೊಸವಕ್ಕೂ ಅದೇ ಆಟ! ಮೂರು ತಲೆಮಾರು, 20 ಕೋಟಿಗೂ ಹೆಚ್ಚು ಪ್ರತಿ. ಆಟಕ್ಕೆ ಸ್ವಂತ ಬಲ ಇದ್ರೆ ಪೆಟ್ಟಿಗೆಯ ಮುಹೂರ್ತ ನೋಡಬೇಕಾಗಿಲ್ಲ, ಪೆಟ್ಟಿಗೆಗಳೇ ಅದರ ಹಿಂದೆ ಬರ್ತವೆ. (ನಮ್ಮ ಬೆಂಗಳೂರಿನ ಧ್ರುವ ಇಂಟರಾಕ್ಟಿವ್ ಕಂಪನಿಯನ್ನು ಇದೇ ರಾಕ್‌ಸ್ಟಾರ್ 2019ರಲ್ಲಿ ಕೊಂಡಿತು, ಅದು 1997ರಲ್ಲಿ ಶುರುವಾದ ಕಂಪನಿ. ಅವರ ಕೆಲಸದ ಬಗ್ಗೆ ಇನ್ನೊಮ್ಮೆ ಬರೀತೀನಿ.) ಜಿಟಿಎ 6 ಮೊದಲು 2025 ಅಂದಿದ್ರು, ಆಮೇಲೆ 2026ರ ಮೇ 26, ಅದಾದ ಮೇಲೆ 2025ರ ನವೆಂಬರಿನಲ್ಲಿ ಬಂದ ಹೇಳಿಕೆಯಲ್ಲಿ 2026ರ ನವೆಂಬರ್ 19. ಹೇಳಿರೋ ಪೆಟ್ಟಿಗೆಗಳು ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್. ಎಷ್ಟೇ ಮುಂದೂಡಿದ್ರೂ ಆ ಮಾತನ್ನು ತಪ್ಪದೇ ಇದ್ರೆ ನನಗೆ ತಕರಾರಿಲ್ಲ. ಹುಡುಗನಿಗೆ ಹೇಳಿದ್ದು, ಆಟ ಬಂದು ಒಂದು ವಾರ ಆದ್ಮೇಲೆ ಪೆಟ್ಟಿಗೆ ತಗೋ ಅಂತ. ಮುಖ ಸಿಂಡರಿಸಿಕೊಂಡು ಹೋದ.

ನಿಂಟೆಂಡೊ ಈಚೆಗೆ ಮಾಡಿದ್ದೂ ಹೇಳ್ಬೇಕು. 2017ರಲ್ಲಿ ಸ್ವಿಚ್ಚಿಗೆ ಅಂತ ಮೆಟ್ರಾಯ್ಡ್ ಪ್ರೈಮ್ 4 ಘೋಷಿಸಿದ್ರು. 2019ರ ಜನವರಿಯಲ್ಲಿ, ಆಗಿರೋ ಕೆಲಸ ನಮ್ಮ ಮಟ್ಟಕ್ಕಿಲ್ಲ, ಮೊದಲಿಂದ ಶುರು ಮಾಡ್ತೀವಿ ಅಂತ ನೇರವಾಗಿ ಹೇಳಿದ್ರು. ಅದು ಬಂದಿದ್ದು 2025ರ ಡಿಸೆಂಬರ್ 4ಕ್ಕೆ, ಸ್ವಿಚ್ 2 ಬಂದು ಆರು ತಿಂಗಳಾದ ಮೇಲೆ, ಎರಡೂ ಪೆಟ್ಟಿಗೆಗೆ ಒಂದೇ ದಿನ. ಉದ್ಘಾಟನೆಗೆ ಅದನ್ನು ಎಳೆದು ತರಲಿಲ್ಲ. ತಡ ಮಾಡೋದಾದ್ರೆ ಹೀಗೆ ಕಾರಣ ಹೇಳಿ ತಡ ಮಾಡಿ, ಕಾಯ್ತೀವಿ.

ಆ ಉದ್ಘಾಟನೆಗೆ, 2025ರ ಜೂನ್ 5ಕ್ಕೆ, ಮುಂದೆ ನಿಂತಿದ್ದು ಮಾರಿಯೋ ಕಾರ್ಟ್ ವರ್ಲ್ಡ್. ಅದರ ಜೊತೆ ಸಾಲಿನಲ್ಲಿ ಇನ್ಯಾರಿದ್ರು ಅಂತ ನೋಡಿದೆ. ಸೈಬರ್‌ಪಂಕ್ 2077 ಇತ್ತು! ಪಕ್ಕದಲ್ಲೇ ಹೊಸ ಅಂಗಿ ತೊಟ್ಟು ಬ್ರೆತ್ ಆಫ್ ದಿ ವೈಲ್ಡ್ ಇತ್ತು, ಸ್ವಿಚ್ 2ರ ಆವೃತ್ತಿ ಅಂತ. ಮೊದಲೇ ಇದ್ದವರು 10 ಡಾಲರ್ ಕೊಟ್ರೆ ಹೊಸದಾಗುತ್ತೆ. ವೀ ಯುಗೆ ಅಂತ ಶುರುವಾದ ಆಟ ಎರಡನೇ ಪೆಟ್ಟಿಗೆಯ ತೇರು ಎಳೆದು, ಈಗ ಮೂರನೆಯದರ ಹಗ್ಗಕ್ಕೂ ಕೈ ಹಾಕಿದೆ. ವೀ ಯುನ ಆನ್‌ಲೈನ್ ಅಂಗಡಿಯನ್ನು ನಿಂಟೆಂಡೊ 2023ರ ಮಾರ್ಚಿನಲ್ಲೇ ಮುಚ್ಚಿತು. ಆ ಪೆಟ್ಟಿಗೆಯಲ್ಲಿ ಈಗ ಆ ಆಟ ಬೇಕು ಅಂದ್ರೆ ಹಳೆ ಡಿಸ್ಕ್ ಯಾರಾದ್ರೂ ಮಾರ್ತಾರಾ ಅಂತ ಹುಡುಕಬೇಕು.